ಪುಂಡಿ: ಎಲೆ ಅಡುಗೆಮನೆಗೆ, ನಾರು ಹಗ್ಗಕ್ಕೆ

ಪ್ರಶ್ನೆ: ಹೊಲದ ಬದುವಿನ ಪುಂಡಿ ಆಳೆತ್ತರ ಬೆಳೆದಿದೆ. ಪಲ್ಯಕ್ಕೆ ಎಲೆ ಕಿತ್ತದ್ದಷ್ಟೇ. ಮನೆಯವರು ಕಡಿದು ಸುಟ್ಟುಬಿಡೋಣ ಅನ್ನುತ್ತಾರೆ. ಬೇರೆ ಉಪಯೋಗ ಇದೆಯೇ?

ಉತ್ತರ: ಕಡಿಯಿರಿ, ಸುಡಬೇಡಿ. ಹೂ ಬಿಡತೊಡಗಿದಾಗಲೇ ಕೊಯ್ದರೆ ನಾರು ಮೆತ್ತಗೆ ಬರುತ್ತದೆ. ಕಾಯಿ ಬಲಿತರೆ ಒರಟಾಗುತ್ತದೆ. ಕಾಂಡದಲ್ಲಿ ಸಣ್ಣ ಮುಳ್ಳಿರುವುದರಿಂದ ಕೈಗೆ ಬಟ್ಟೆ ಸುತ್ತಿಕೊಳ್ಳಿ.

ಎಲೆ ಉದುರಿಸಿ, ಕಟ್ಟು ಕಟ್ಟಿ, ಮೇಲೆ ಕಲ್ಲು ಹೇರಿ ನೀರಲ್ಲಿ ಮುಳುಗಿಸಿ. ಸುಮಾರು 10–15 ದಿನಕ್ಕೆ ಬುಡ ಹಿಡಿದೆಳೆದರೆ ತೊಗಟೆ ಸಲೀಸಾಗಿ ಕಳಚಬೇಕು. ಅತಿಯಾಗಿ ಕೊಳೆತರೆ ನಾರಿನ ಬಲ ಹೋಗುತ್ತದೆ. ದಿನಾ ಒಂದು ಕಡ್ಡಿ ಎಳೆದು ನೋಡಿ. ನೀರು ಗಬ್ಬು ನಾರುವುದರಿಂದ ಕುಡಿಯುವ ನೀರಿನ ಕೆರೆ, ಮೀನಿನ ಹೊಂಡ ಬೇಡವೇ ಬೇಡ.

ತೊಳೆದು ಒಣಗಿಸಿದ ನಾರು ದನ ಕಟ್ಟುವ ಕಣ್ಣಿಗೆ, ಹೊರಸಿನ ಹಗ್ಗಕ್ಕೆ, ಗೋಣಿಚೀಲಕ್ಕೆ ಆಗುತ್ತದೆ. ಉಳಿದ ಕಡ್ಡಿ ಒಲೆಗೆ, ತಟ್ಟಿಗೆ, ಹೀರೇಬಳ್ಳಿ ಹಬ್ಬಿಸಲು ಸಾಕು. ಕಾಗದದ ತಿರುಳಿಗೂ ಈ ಕಾಂಡ ಒದಗುತ್ತದೆ. ಬೀಜದಲ್ಲಿ ಎಣ್ಣೆಯಿದೆ.

ಎಳೆ ಎಲೆಗೆ ಕಡಲೆಬೇಳೆ, ಜೋಳದ ನುಚ್ಚು ಬೆರೆಸಿ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಡಿ. ಹುಳಿ ಇರುವುದರಿಂದ ಅಲ್ಯುಮಿನಿಯಂ ಪಾತ್ರೆ ಬೇಡ. ಮೂತ್ರಪಿಂಡದ ಕಲ್ಲಿನ ತೊಂದರೆ ಇದ್ದವರು ವೈದ್ಯರನ್ನು ಕೇಳಿ ತಿನ್ನಲಿ.

ಮುಂದಿನ ಮುಂಗಾರಿನ ಬೀಜಕ್ಕೆಂದು ನಾಲ್ಕಾರು ದಪ್ಪ ಗಿಡ ಕಡಿಯದೆ ಬಿಡಿ.