ಯಂತ್ರ ಹೋಗಲಿ, ಒಳಗಿದ್ದುದನ್ನು ಇಳಿಸಿಕೊಳ್ಳಿ

ರೇಡಿಯೊ, ಟೇಪ್‌ರೆಕಾರ್ಡರ್, ಟಿವಿ ರಿಪೇರಿ ಮಾಡಿಯೇ ಸಂಸಾರ ಸಾಗಿಸಿದವನು ನಾನು. ಈಗ ಮೊಮ್ಮಕ್ಕಳು, ಅಕ್ಕಪಕ್ಕದ ಹುಡುಗರು ಅಟ್ಟದಿಂದ ಏನಾದರೊಂದನ್ನು ಇಳಿಸಿ ತಂದು, “ತಾತ, ಇದನ್ನ ಬಿಸಾಡೋದಾ, ಇಟ್ಕೊಳ್ಳೋದಾ?” ಎಂದು ಕೇಳುತ್ತಾರೆ. ಸಾಮಾನು ಹಳತಾಗುವುದನ್ನು ತಡೆಯುವುದು ಯಾರಿಂದಲೂ ಆಗದು. ಅದನ್ನು ಬಿಡುವ ಮೊದಲು ಏನನ್ನು ಇಳಿಸಿಕೊಳ್ಳಬೇಕು, ಹೊಸದನ್ನು ಕೊಳ್ಳುವಾಗ ಏನು ಕೇಳಬೇಕು ಎಂಬುದಷ್ಟೇ ನಮ್ಮ ಕೈಯಲ್ಲಿರುವುದು. ಅದಕ್ಕೆ ಈ ಕಿವಿಮಾತುಗಳು.

• ಅಂಗಡಿಯಿಂದ ತಂದ ಭಾವಗೀತೆ, ಸಿನಿಮಾ ಹಾಡು, ಯಕ್ಷಗಾನದ ಕ್ಯಾಸೆಟ್‌ಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅವು ಬೇರೆಯವರ ಮನೆಯಲ್ಲೂ ಇರುತ್ತವೆ, ಎಷ್ಟೋ ಈಗ ಮೊಬೈಲಿನಲ್ಲೇ ಸಿಗುತ್ತವೆ. ಖಾಲಿ ಕ್ಯಾಸೆಟ್ ಹಾಕಿ ಮನೆಯಲ್ಲೇ ತುಂಬಿಸಿಕೊಂಡಿದ್ದಿರಲ್ಲ, ಅಜ್ಜಿಯ ಸೋಬಾನೆ ಪದ, ಊರ ಹರಿಕಥೆ, ಮಗುವಿನ ತೊದಲು, ಅವಕ್ಕೆ ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಮೊದಲ ಸರದಿ ಅವುಗಳದು.

• ಅವನ್ನು ಇಳಿಸಿಕೊಳ್ಳುವ ಕ್ರಮ ಹೇಳುತ್ತೇನೆ, ಗಮನ ಕೊಟ್ಟು ಕೇಳಿ. ಕ್ಯಾಸೆಟ್ಟಿನ ಮೇಲಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ, ಮೊದಲು ಅವನ್ನು ಮುರಿದುಬಿಡಿ. ಆಮೇಲೆ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಒಳಗಿದ್ದುದು ಅಳಿಸಿಹೋಗುವುದಿಲ್ಲ. ಟೇಪ್‌ರೆಕಾರ್ಡರಿನ ಹೆಡ್ಡನ್ನೂ ಅದರ ಪಕ್ಕದ ರಬ್ಬರ್ ರೋಲರನ್ನೂ ಹತ್ತಿಯಿಂದ ಒರೆಸಿ. ಹೆಡ್ಡಿಗಾದರೆ ಹತ್ತಿಗೆ ಸ್ವಲ್ಪ ಸ್ಪಿರಿಟ್ ತಾಗಿಸಿಕೊಳ್ಳಬಹುದು. ಬೇಡದ ಕ್ಯಾಸೆಟ್ ಒಂದನ್ನು ಹಾಕಿ, ಯಂತ್ರ ಟೇಪ್ ನುಂಗುವುದಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಬೇಕಾದ ಕ್ಯಾಸೆಟ್ಟನ್ನು ಪೂರ್ತಿ ಮುಂದಕ್ಕೆ ಓಡಿಸಿ, ಪೂರ್ತಿ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಅಂಟಿಕೊಂಡಿದ್ದ ಪದರ ಸಡಿಲವಾಗುತ್ತದೆ. ಬಳಿಕ ಹೆಡ್‌ಫೋನ್ ತೂತಿನಿಂದ ಒಂದು ವೈರು ತಂದು ಕಂಪ್ಯೂಟರಿಗೆ ಕೊಡಿ. ರೆಕಾರ್ಡ್ ಮಾಡಿಕೊಳ್ಳಲು ಆಡಾಸಿಟಿ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷ ಬೇಕೇ ಬೇಕು, ಅಡ್ಡದಾರಿ ಹುಡುಕಬೇಡಿ.

• ಧ್ವನಿ ಯಾರದು, ಯಾವ ಮದುವೆ, ಯಾವ ಊರು ಎಂದು ಹೇಳಬಲ್ಲ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಈ ಕೆಲಸ ಮಾಡಿ. ಫೈಲಿಗೆ ಆಗಲೇ ಹೆಸರು, ವರ್ಷ ಹಾಕಿ. ಆಮೇಲೆ ಹಾಕೋಣ ಎಂದವರು ಯಾರೂ ಹಾಕಿದ್ದನ್ನು ನಾನು ನೋಡಿಲ್ಲ.

• ಮದುವೆಯ ವಿಡಿಯೊ ಕ್ಯಾಸೆಟ್ ವಿಷಯದಲ್ಲಿ ಇನ್ನೂ ಅವಸರ ಬೇಕು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಕೈಚೆಲ್ಲಿತು. ಈಗ ಓಡುತ್ತಿರುವವೆಲ್ಲ ಹಳೆಯ ಯಂತ್ರಗಳೇ. ಮಲೆನಾಡು, ಕರಾವಳಿಯವರು ಇನ್ನೊಂದನ್ನು ನೋಡಬೇಕು: ಕ್ಯಾಸೆಟ್ಟಿನ ಕಿಟಕಿಯೊಳಗೆ ಸುರುಳಿಯ ಮೇಲೆ ಬಿಳಿ ಬೂಷ್ಟು ಕಂಡರೆ ಅದನ್ನು ಯಂತ್ರಕ್ಕೆ ಹಾಕಲೇಬೇಡಿ. ಹೆಡ್ಡು ಕಟ್ಟಿಕೊಳ್ಳುತ್ತದೆ, ಮುಂದೆ ಹಾಕಿದ ಕ್ಯಾಸೆಟ್‌ಗಳಿಗೂ ಬೂಷ್ಟು ಹತ್ತುತ್ತದೆ. ಇಂಥದ್ದನ್ನು ಬಿಚ್ಚಿ ಒರೆಸಬಲ್ಲವರಿಗೆ ಕೊಡಿ. ಹಳೆಯ ಮದುವೆ ವಿಡಿಯೊ ಸ್ಟುಡಿಯೊಗಳಲ್ಲಿ ವಿಚಾರಿಸಿದರೆ ಅಂಥವರು ಸಿಕ್ಕಾರು. ಮಾಡಿಸಿದ್ದನ್ನು ಡಿವಿಡಿಯಲ್ಲಿ ತೆಗೆದುಕೊಳ್ಳಬೇಡಿ, ಪೆನ್‌ಡ್ರೈವಿನಲ್ಲಿ ಕೇಳಿ. ಒಂದು ಹಳತಿನಿಂದ ಇನ್ನೊಂದು ಹಳತಿಗೆ ಏಕೆ ದುಡ್ಡು ಸುರಿಯುತ್ತೀರಿ?

• ಮನೆಯಲ್ಲಿ ಬರ್ನ್ ಮಾಡಿದ ಸಿಡಿಗಳಲ್ಲಿ ಮಾಹಿತಿ ಕೂತಿರುವುದು ಬಣ್ಣದ ಒಂದು ಪದರದಲ್ಲಿ. ಬಿಸಿಲು, ಶಾಖಕ್ಕೆ ಅದು ಮಾಸುತ್ತದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಹೊರಗಿನಿಂದ ಜೋಡಿಸುವ ಡ್ರೈವ್ ಒಂದನ್ನು ತಂದು ಬಂಧುಬಳಗವೆಲ್ಲ ಹಂಚಿಕೊಂಡು ಬಳಸಿ.

• ಫೋಟೊ ನೆಗೆಟಿವ್ ಎಸೆಯಬೇಡಿ. ಬಣ್ಣಗೆಟ್ಟ ಫೋಟೊ ಸ್ಕ್ಯಾನ್ ಮಾಡುವುದಕ್ಕಿಂತ ಚೆನ್ನಾಗಿ ಕಾಪಾಡಿದ ನೆಗೆಟಿವ್‌ನಿಂದ ಬರುವ ಚಿತ್ರವೇ ಸೊಗಸು.

• ಕನ್ನಡಿಗರಿಗೂ ಇರುವ ತಾಪತ್ರಯ ಒಂದಿದೆ. ಹಿಂದೆ ನುಡಿ, ಬರಹ, ಶ್ರೀಲಿಪಿಗಳಲ್ಲಿ ಟೈಪ್ ಮಾಡಿಟ್ಟ ಕತೆ, ಲೇಖನ, ಸಂಘದ ಠರಾವು, ಮನೆತನದ ವಂಶಾವಳಿ ಎಲ್ಲ ಇಂದು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಫೈಲು ಕೆಟ್ಟಿದೆ ಎಂದು ಅಳಿಸಿಬಿಡುವವರಿದ್ದಾರೆ. ಕೆಟ್ಟಿಲ್ಲ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚೂರುಗಳನ್ನು ಕೂರಿಸುತ್ತಿದ್ದವು, ಆ ಫಾಂಟು ಇಲ್ಲದ ಕಂಪ್ಯೂಟರಿಗೆ ಅದು ಕನ್ನಡವೆಂದೇ ತಿಳಿಯದು. ಯುನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಿ. ನಿಮ್ಮ ಊರಿನ ಸಂಘ, ಮಠ, ಪುಟ್ಟ ಪತ್ರಿಕೆಗಳ ಕಂಪ್ಯೂಟರಿನಲ್ಲಿ ಇಂಥದ್ದು ಎಷ್ಟು ಬಿದ್ದಿದೆಯೋ, ಹೋಗಿ ಕೇಳಿ.

• ಇಳಿಸಿಕೊಂಡದ್ದನ್ನೆಲ್ಲ ಎರಡು ಕಡೆ ಇಡಿ. ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ಬೇರೆ ಊರಿನ ಅಕ್ಕನ ಮನೆಯಲ್ಲಿ. ಹಾರ್ಡ್ ಡಿಸ್ಕಿಗೂ ಸಾವಿದೆ.

• ಇನ್ನು ಕೊಳ್ಳುವ ಮಾತು. ಫ್ರಿಜ್, ವಾಷಿಂಗ್ ಮಷಿನ್ ಕೊಳ್ಳುವಾಗ ಎಷ್ಟು ಸ್ಟಾರ್ ಎಂದು ಎಲ್ಲರೂ ಕೇಳುತ್ತಾರೆ. ನೀವು ಇನ್ನೊಂದು ಪ್ರಶ್ನೆ ಕೇಳಿ: “ವಾರಂಟಿ ಮುಗಿದ ಮೇಲೆ ಪಿಸಿಬಿ ಬೋರ್ಡು ಹೋದರೆ ಎಷ್ಟು ಖರ್ಚು, ಎಷ್ಟು ವರ್ಷ ಸಿಗುತ್ತದೆ?” ಹಿಂದಿನ ಫ್ರಿಜ್‌ನಲ್ಲಿ ರಿಲೇ, ಥರ್ಮೋಸ್ಟಾಟ್ ಹೋದರೆ ಊರಿನ ಮೆಕ್ಯಾನಿಕ್ಕೇ ಹಾಕುತ್ತಿದ್ದ. ಈಗಿನದು ಬೋರ್ಡಿನ ಮಾತು ಕೇಳುತ್ತದೆ, ಬೋರ್ಡು ವೋಲ್ಟೇಜಿನ ಮಾತು ಕೇಳುತ್ತದೆ. ಹಳ್ಳಿ ಕಡೆಯವರು ಸ್ಟೆಬಿಲೈಸರ್‌ಗೆ ಜಿಪುಣತನ ಮಾಡಬೇಡಿ. ಅಂಗಡಿಯವನು ಉತ್ತರಕ್ಕೆ ತಡವರಿಸಿದರೆ ಅದೇ ಉತ್ತರ.

• ಮಿಕ್ಸಿ ಕೂಗಿದ ತಕ್ಷಣ ಹೊಸದಕ್ಕೆ ಓಡಬೇಡಿ. ಎಷ್ಟೋ ಸಲ ಹೋಗಿರುವುದು ಕಾರ್ಬನ್ ಬ್ರಷ್ಷು ಅಥವಾ ಕಪ್ಲರು.

• ಸ್ಮಾರ್ಟ್ ಟಿವಿ ಕೆಲವು ವರ್ಷಗಳಲ್ಲಿ ಪೆದ್ದಾಗುತ್ತದೆ. ಆ್ಯಪ್‌ಗಳು ಓಡುವುದಿಲ್ಲ ಅಷ್ಟೇ, ಪರದೆಗೆ ಏನೂ ಆಗಿರುವುದಿಲ್ಲ. ಎಚ್‌ಡಿಎಂಐ ತೂತಿಗೆ ಒಂದು ಸ್ಟಿಕ್ ಚುಚ್ಚಿದರೆ ಮತ್ತೆ ಜಾಣವಾಗುತ್ತದೆ.

• ಅಜ್ಜಿಗೆ ಹಳೆಯ ಕೀಪ್ಯಾಡ್ ಫೋನ್ ಕೊಡುವ ಮೊದಲು ಸಿಮ್ ಯಾವುದೆಂದು ನೋಡಿ. 2016ರಲ್ಲಿ ಬಂದ ಜಿಯೊ 4ಜಿ ಬಿಟ್ಟು ಬೇರೆ ತಿಳಿಯದ ಜಾಲವಾಗಿಯೇ ಶುರುವಾಯಿತು. ಬರೀ 2ಜಿ ಫೋನಿನಲ್ಲಿ ಆ ಸಿಮ್ ಹಾಕಿದರೆ ಕರೆಯೇ ಹೋಗದು.

• ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಸಿತು. ಅದಕ್ಕಾಗಿ ಗಟ್ಟಿಮುಟ್ಟಾದ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ. ಬರೆಯಲು, ಓದಲು, ಇಂಟರ್ನೆಟ್ ನೋಡಲು ಲಿನಕ್ಸ್ ಹಾಕಿಸಿದರೆ ಸಾಕು. ಎಲ್ಲ ಹಳತೂ ತಾನಾಗಿ ಹಳತಾಗುವುದಿಲ್ಲ ಎಂಬುದನ್ನೂ ತಿಳಿದಿರಿ. 1924ರಲ್ಲಿ ಜಗತ್ತಿನ ದೊಡ್ಡ ಬಲ್ಬ್ ಕಂಪನಿಗಳು ಫೀಬಸ್ ಎಂಬ ಕೂಟ ಕಟ್ಟಿಕೊಂಡು, ಬಲ್ಬಿನ ಆಯುಷ್ಯವನ್ನು ಸಾವಿರ ಗಂಟೆಗೆ ಇಳಿಸಿದ್ದವು.

• ಅಪ್ಪನ ಎಚ್‌ಎಂಟಿ ವಾಚಿದ್ದರೆ ಮಾರಬೇಡಿ. 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಆ ವಾಚ್ ತಯಾರಿಕೆಯನ್ನು 2016ರಲ್ಲಿ ಮುಚ್ಚಲು ಸರ್ಕಾರ ತೀರ್ಮಾನಿಸಿತು. ಕೀ ಕೊಡುವ ವಾಚಿಗೆ ಸೆಲ್ಲಿನ ಹಂಗಿಲ್ಲ. ಹಳೆಯ ವಾಚ್ ರಿಪೇರಿಯವರಲ್ಲಿ ಬಿಚ್ಚಿಸಿ ಎಣ್ಣೆ ಹಾಕಿಸಿ. ಡಯಲ್ಲಿಗೆ ಮಾತ್ರ ಬಣ್ಣ ಬಳಿಸಬೇಡಿ, ಅಸಲಿ ಡಯಲ್ಲಿಗೇ ಬೆಲೆ.

• ಡಬ್ಬಿ ಟಿವಿಯ ಹಿಂಭಾಗವನ್ನು ನೀವಾಗಿ ಬಿಚ್ಚಬೇಡಿ. ಸ್ವಿಚ್ ತೆಗೆದ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಅದರ ಗಾಜಿನಲ್ಲಿ ಸೀಸ, ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸ ಇರುವುದರಿಂದ ಎರಡೂ ತಿಪ್ಪೆಗೆ ಹೋಗಬಾರದು. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜಿಗೆ ಹಾಕಬೇಡಿ.

• 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಂತೆ ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ತಾಮ್ರಕ್ಕಾಗಿ ವೈರು ಸುಡುವ ಗುಜರಿಗಿಂತ, ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇರುವವರಿಗೆ ಕೊಡಿ, ನಾಲ್ಕು ಕಾಸು ಕಡಿಮೆ ಬಂದರೂ ಸರಿ. ಕೊಡುವ ಮೊದಲು ಫೋನಿನ ಸಿಮ್, ಮೆಮೊರಿ ಕಾರ್ಡ್ ತೆಗೆಯಿರಿ, ಗೂಗಲ್ ಖಾತೆಯಿಂದ ಹೊರಬನ್ನಿ, ಫ್ಯಾಕ್ಟರಿ ರೀಸೆಟ್ ಮಾಡಿ. ಇಷ್ಟು ಮಾಡದೆ ಯಾರ ಕೈಗೂ ಫೋನ್ ಕೊಡಬೇಡಿ.