ನಿಂತು ನಿಂತು ನಡೆಯುವ ಪಂಪು: ಹೊಣೆ ಯಾರದು?

ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸಿಕ್ಕುವ ರಾಜಾನುಕುಂಟೆಯ ಆಸುಪಾಸಿನಲ್ಲಿ, ರಾಗಿಯ ಹೊಲಗಳೂ ದ್ರಾಕ್ಷಿಯ ಚಪ್ಪರಗಳೂ ಇದ್ದ ನೆಲದ ಮೇಲೆ, ಇಂದು ಎತ್ತರದ ಕಾಂಪೌಂಡುಗಳ ಒಳಗೆ ವಿಲ್ಲಾಗಳು ಸಾಲುಗಟ್ಟಿ ನಿಂತಿವೆ. ಅವುಗಳಲ್ಲಿ ಕೆಲವಕ್ಕೆ ಹಿತ್ತಿಲಿನಲ್ಲಿಯೇ ಪುಟ್ಟದೊಂದು ಈಜುಕೊಳವೂ, ಆ ಕೊಳದ ನೀರನ್ನು ಸೋಸಿ ಸುತ್ತಿಸುವುದಕ್ಕೆ ಒಂದು ಪಂಪೂ ಉಂಟು. ಬೇಸಿಗೆಯ ನಡುಹಗಲಿನಲ್ಲಿ ಈ ಪಂಪು ಸ್ವಲ್ಪ ಹೊತ್ತು ನಡೆದು, ಯಾರೂ ಮುಟ್ಟದೆಯೇ ನಿಂತು, ತಣಿದ ಬಳಿಕ ತಾನಾಗಿಯೇ ಮತ್ತೆ ಹೊರಡುವ ವಿಚಿತ್ರ ವ್ಯಾಧಿಗೆ ಒಳಗಾದಾಗ, ಮಾಲಿಕರು ಮೊದಲು ಕೇಳುವ ಉತ್ತರಗಳು ಬಹುಮಟ್ಟಿಗೆ ಒಂದೇ ತೆರನಾದವು. ಅಂಗಡಿಯವನು “ಲೋ ವೋಲ್ಟೇಜ್ ಸಾರ್, ಕರೆಂಟಿನವರಿಗೆ ಹೇಳಿ” ಎನ್ನುತ್ತಾನೆ. ಲೈನ್‌ಮನ್ನು “ನಿಮ್ಮ ವೈರಿಂಗ್ ನೋಡಿಸಿ” ಎನ್ನುತ್ತಾನೆ. ವೈರಿಂಗಿನವನು “ಪೀಸೇ ಸರಿಯಿಲ್ಲ” ಎಂದು ಕೈತೊಳೆದುಕೊಳ್ಳುತ್ತಾನೆ. ಮೂವರಲ್ಲಿ ಯಾರ ಮಾತಾದರೂ ನಿಜವಾಗಿರುವ ಸಂಭವವುಂಟು. ಆದುದರಿಂದಲೇ ನ್ಯಾಯದ ಬಾಗಿಲನ್ನು ತಟ್ಟುವ ಮುನ್ನ ತಟ್ಟತಕ್ಕ ಬಾಗಿಲು ಯಾವುದೆಂಬುದನ್ನು ಗೊತ್ತುಮಾಡಿಕೊಳ್ಳಬೇಕು. ವಿದ್ಯುತ್ ಸರಬರಾಜಿನ ದೂರು ಒಂದು ಅಧಿನಿಯಮದ ಅಡಿಯಲ್ಲಿ, ಮಾರಾಟಗಾರನ ಮೇಲಿನ ದೂರು ಇನ್ನೊಂದರ ಅಡಿಯಲ್ಲಿ, ಮನೆ ಕಟ್ಟಿ ಕೊಟ್ಟವನ ಮೇಲಿನ ದೂರು ಮತ್ತೊಂದರ ಅಡಿಯಲ್ಲಿ ನಡೆಯತಕ್ಕವು.

ಇಂಥ ಪಂಪುಗಳ ಮೋಟಾರಿನೊಳಗೆ, ಸುರುಳಿಗೆ ತಗುಲಿಕೊಂಡಂತೆ, ಶಾಖ ಮಿತಿಮೀರಿದೊಡನೆ ವಿದ್ಯುತ್ತನ್ನು ಕಡಿದು ತಣಿದ ಮೇಲೆ ಮತ್ತೆ ಕೂಡಿಸುವ ಸಣ್ಣದೊಂದು ಉಷ್ಣರಕ್ಷಕವಿರುವುದು ವಾಡಿಕೆ. ಎಂದಮೇಲೆ ನಿಲ್ಲುವುದು ಸ್ವತಃ ದೋಷವಲ್ಲ, ಕಾಯುವುದು ದೋಷ. ವೋಲ್ಟೇಜು ಕುಸಿದರೆ ಅದೇ ಕೆಲಸಕ್ಕೆ ಮೋಟಾರು ಹೆಚ್ಚು ಕರೆಂಟನ್ನು ಎಳೆದು ಕಾಯುತ್ತದೆ. ಕೆಪಾಸಿಟರು ಸೊರಗಿದರೂ, ಬೇರಿಂಗು ಸವೆದರೂ, ಒಳಚಕ್ರಕ್ಕೆ ಕಸ ಸಿಕ್ಕಿ ಬಿಗಿದರೂ ಅದೇ ಫಲ. ಗಾಳಿಯಾಡದ ಗೂಡಿನಲ್ಲಿ ಪಂಪನ್ನು ಕೂಡಿಸಿದ್ದರೆ ನಿರಪರಾಧಿಯಾದ ಮೋಟಾರೂ ಬಿಸಿಲೇರಿದಂತೆ ನಿಂತುಹೋಗುತ್ತದೆ. ಪಂಪಿನ ಎಲೆಕಸ ಹಿಡಿಯುವ ಬುಟ್ಟಿಯನ್ನು ವಾರಗಟ್ಟಲೆ ತೆಗೆದು ತೊಳೆಯದವರು ವಾರಂಟಿಯ ಮಾತೆತ್ತುವುದು ಅಷ್ಟೇನೂ ಶೋಭಿಸದು.

ಹೊಣೆಯನ್ನು ನಿರ್ಣಯಿಸುವುದಕ್ಕೆ ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರನಿಂದ ಮಾಡಿಸಬಹುದಾದ ಒಂದು ಸರಳ ಪರೀಕ್ಷೆಯುಂಟು. ಪಂಪು ನಡೆಯುತ್ತಿರುವಾಗಲೇ ಮೀಟರಿನ ಬಳಿಯ ವೋಲ್ಟೇಜನ್ನೂ, ಪಂಪಿನ ಬಳಿಯ ವೋಲ್ಟೇಜನ್ನೂ, ಮೋಟಾರು ಎಳೆಯುವ ಕರೆಂಟನ್ನೂ ಅಳೆಯಿಸಿ, ಆ ಕರೆಂಟನ್ನು ಪಂಪಿನ ಮೈಮೇಲಿನ ತಗಡಿನಲ್ಲಿ ಕೆತ್ತಿರುವ ಆಂಪಿಯರಿನೊಂದಿಗೆ ಹೋಲಿಸಿ ನೋಡಬೇಕು. ಮೀಟರಿನಲ್ಲಿಯೇ ವೋಲ್ಟೇಜು ತಗ್ಗಿದ್ದರೆ ಸರಬರಾಜಿನ ಕಡೆಗೆ ಬೆರಳು ತೋರಬಹುದು. ಮೀಟರಿನಲ್ಲಿ ಸರಿಯಿದ್ದು ಪಂಪಿನ ಬಳಿ ಕುಸಿದಿದ್ದರೆ, ದೂರಕ್ಕೆ ತೆಳ್ಳನೆಯ ತಂತಿಯೆಳೆದ ವೈರಿಂಗಿನವನೇ ಉತ್ತರಿಸಬೇಕು. ಎರಡೂ ಕಡೆ ಸರಿಯಿದ್ದು, ಬುಟ್ಟಿ ಶುಚಿಯಾಗಿ, ಗೂಡಿಗೆ ಗಾಳಿಯಿದ್ದೂ ಮೋಟಾರು ಕಾದು ನಿಂತರೆ ಪಂಪಿನ ಮೇಲಿನ ಸಂಶಯ ಬಲವಾಗುತ್ತದೆ. ಈ ಅಂಕಿಗಳನ್ನು ದಿನಾಂಕ, ವೇಳೆ ಸಹಿತ ಕಾಗದದ ಮೇಲೆ ಬರೆಯಿಸಿ, ಅಳೆದವನ ಸಹಿಯನ್ನೂ ಪರವಾನಗಿ ಸಂಖ್ಯೆಯನ್ನೂ ಪಡೆದಿಟ್ಟುಕೊಂಡವರ ದೂರಿಗೂ, “ಆಗಾಗ ನಿಲ್ಲುತ್ತದೆ” ಎಂದಷ್ಟೇ ಬರೆದವರ ದೂರಿಗೂ ಗ್ರಾಹಕ ಆಯೋಗದ ಮುಂದೆ ಅಜಗಜಾಂತರವುಂಟು.

ನಿಲ್ಲುವುದು ಮೋಟಾರಲ್ಲದೆ ಬೋರ್ಡಿನಲ್ಲಿರುವ ಸೋರಿಕೆ ರಕ್ಷಕ ಬ್ರೇಕರು ಕೆಳಗೆ ಬೀಳುತ್ತಿರುವುದಾದರೆ ಮಾತೇ ಬೇರೆ. ಅದು ಬಿದ್ದಿತೆಂದರೆ ವಿದ್ಯುತ್ತು ದಾರಿ ತಪ್ಪಿ ನೆಲಕ್ಕೋ ನೀರಿಗೋ ಸೋರುತ್ತಿದೆಯೆಂದು ಶಂಕಿಸತಕ್ಕದ್ದು. ಅದನ್ನು ಮತ್ತೆ ಮತ್ತೆ ಎತ್ತಿಹಾಕುವುದೂ, ಕಿರಿಕಿರಿಯೆಂದು ಅದನ್ನು ದಾಟಿಸಿ ತಂತಿ ಕೊಡುವುದೂ ಪ್ರಾಣದೊಂದಿಗೆ ಆಡುವ ಆಟ. 2023ರ ಡಿಸೆಂಬರಿನ ಕೊನೆಯಲ್ಲಿ ಬೆಂಗಳೂರಿನ ವರ್ತೂರು ಭಾಗದ ಅಪಾರ್ಟ್‌ಮೆಂಟೊಂದರ ಈಜುಕೊಳದ ಬಳಿ ಬಾಲಕಿಯೊಬ್ಬಳು ವಿದ್ಯುದಾಘಾತದ ಶಂಕೆಯಲ್ಲಿ ಅಸುನೀಗಿದ ಮೇಲೆ, ಅಲ್ಲಿನ ನಿರ್ವಹಣೆಯ ಹೊಣೆ ಹೊತ್ತವರನ್ನು ಪೊಲೀಸರು ಬಂಧಿಸಿದ್ದು ಓದುಗರಿಗೆ ನೆನಪಿರಬಹುದು. ವಿದ್ಯುತ್ತಿನಿಂದ ಅವಘಡ ಸಂಭವಿಸಿದರೆ ವಿದ್ಯುತ್ ಪರಿವೀಕ್ಷಣಾಲಯಕ್ಕೆ ವರದಿ ಹೋಗಬೇಕೆಂದು 2003ರ ವಿದ್ಯುಚ್ಛಕ್ತಿ ಅಧಿನಿಯಮದ 161ನೆಯ ಕಲಮು ವಿಧಿಸುತ್ತದೆ.

ದೋಷ ಸರಬರಾಜಿನದೆಂದು ಕಂಡುಬಂದಲ್ಲಿ ವಿದ್ಯುತ್ ಸರಬರಾಜು ಕಂಪನಿಯಾದ ಬೆಸ್ಕಾಂನ 1912 ಸಂಖ್ಯೆಗೆ ಕರೆಮಾಡಿ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಬಿಲ್ಲಿನಲ್ಲಿ ಕಾಣಿಸಿರುವ ಉಪವಿಭಾಗಕ್ಕೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯತಕ್ಕದ್ದು. ಗೃಹಬಳಕೆಯ ಲೋ ಟೆನ್ಷನ್ ಸರಬರಾಜಿನಲ್ಲಿ ಘೋಷಿತ ವೋಲ್ಟೇಜಿಗಿಂತ ಶೇಕಡಾ 6ರಷ್ಟು ಮಾತ್ರ ಏರಿಳಿತಕ್ಕೆ ಅವಕಾಶ; ಘೋಷಿತ ವೋಲ್ಟೇಜು 230 ಎಂದಾದರೆ ಸುಮಾರು 216ರಿಂದ 244ರ ವರೆಗೆ. ಉಪವಿಭಾಗದಲ್ಲಿ ಪರಿಹಾರ ದೊರೆಯದಿದ್ದರೆ ಅದೇ ವಿದ್ಯುಚ್ಛಕ್ತಿ ಅಧಿನಿಯಮದ 42ನೆಯ ಕಲಮಿನ ಪ್ರಕಾರ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆಗೂ, ಅಲ್ಲಿಂದ ಓಂಬುಡ್ಸ್‌ಮನ್‌ರ ಬಳಿಗೂ ಹೋಗಬಹುದು. ಆದರೆ ಮಂಜೂರಾದ ಲೋಡು ಎಷ್ಟು, ಮನೆಯಲ್ಲಿ ಸೇರಿಸಿಕೊಂಡಿರುವ ಯಂತ್ರಗಳ ಲೋಡು ಎಷ್ಟು ಎಂಬುದನ್ನು ಮೊದಲೇ ನೋಡಿಕೊಳ್ಳುವುದು ಜಾಣತನ. ಸೇವಾನ್ಯೂನತೆಯ ವಿಷಯದಲ್ಲಿ ವಿದ್ಯುತ್ ಕಂಪನಿಯ ವಿರುದ್ಧ ಗ್ರಾಹಕ ಆಯೋಗದ ಮೊರೆಹೋಗುವುದಕ್ಕೂ ಅಡ್ಡಿಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಅನೀಸ್ ಅಹ್ಮದ್ ಪ್ರಕರಣದಲ್ಲಿ ಹೇಳಿರುವುದುಂಟು.

ಪಂಪಿನದೇ ದೋಷವಾದರೆ 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವೇ ಆಧಾರ. ಬಿಲ್ಲು ಕೊಡದಿರುವುದನ್ನೇ ಆ ಅಧಿನಿಯಮ ಅನುಚಿತ ವ್ಯಾಪಾರಪದ್ಧತಿಯೆಂದು ಎಣಿಸುತ್ತದೆ. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯೇ ಇಲ್ಲದಿದ್ದರೆ 30 ದಿನದೊಳಗೆ, ಹಿಂಪಡೆದು ಹಣ ಮರಳಿಸಲು ಒಪ್ಪದಿರುವುದೂ ಅದೇ ವರ್ಗಕ್ಕೆ ಸೇರಿದ್ದು. ಇಲ್ಲಿ ಬಹುಮಂದಿ ಎಡವುವ ಒಂದು ಸ್ಥಳವಿದೆ. ಕಂಪನಿಯವನು ಬರಲಿಲ್ಲವೆಂಬ ಬೇಸರದಿಂದ ಯಲಹಂಕದ ಯಾವುದಾದರೊಂದು ಅಂಗಡಿಗೆ ಮೋಟಾರನ್ನು ಒಯ್ದು ಕಾಯಿಲು ಸುತ್ತಿಸಿಕೊಂಡು ಬಂದರೆ, ಸುಟ್ಟ ಸುರುಳಿಯೊಂದಿಗೆ ಸಾಕ್ಷ್ಯವೂ ಗುಜರಿಗೆ ಹೋಯಿತೆಂದೇ ತಿಳಿಯಬೇಕು. 38ನೆಯ ಕಲಮಿನಂತೆ ಆಯೋಗವು ಸರಕನ್ನು ಪ್ರಯೋಗಾಲಯಕ್ಕೆ ಕಳುಹಿಸಿ 45 ದಿನದೊಳಗೆ ವರದಿ ತರಿಸಬಲ್ಲುದಾದರೂ, ಮೂಲರೂಪವೇ ಉಳಿಯದ ಯಂತ್ರದಲ್ಲಿ ಪ್ರಯೋಗಾಲಯವು ಕಾಣುವುದಾದರೂ ಏನನ್ನು? ಸರಕನ್ನು ಬದಲಾಯಿಸಿದಿರಿ ಎಂಬ ವಾದವೂ ಎದುರಾಳಿಗೆ ಅನಾಯಾಸವಾಗಿ ದೊರೆತಂತಾಗುತ್ತದೆ. ಬದಲಾಯಿಸಿದ ಹಳೆಯ ಕೆಪಾಸಿಟರನ್ನೂ, ಪ್ರತಿಯೊಂದು ಸರ್ವಿಸ್ ಚೀಟಿಯನ್ನೂ ಕಾಪಾಡಿಕೊಳ್ಳತಕ್ಕದ್ದು. ಹಣವೆಲ್ಲ ಮರಳಿ ಬರಬೇಕೆಂದು ಹಟ ಹಿಡಿಯುವವರು, 2006ರಲ್ಲಿ ಮಾರುತಿ ಉದ್ಯೋಗ ಮತ್ತು ಸುಶೀಲ್ ಕುಮಾರ್ ಗಬಗೋತ್ರರ ನಡುವಣ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ವಾರಂಟಿಯ ಹೊಣೆಯನ್ನು ದೋಷಯುಕ್ತ ಭಾಗದ ದುರಸ್ತಿ ಅಥವಾ ಬದಲಾವಣೆಗೆ ಸೀಮಿತಗೊಳಿಸಿದ್ದನ್ನು ಅರಿತಿರುವುದು ಲೇಸು. ಮೂಲಭೂತ ತಯಾರಿಕಾದೋಷವನ್ನು ಸಾಬೀತುಪಡಿಸಿದಲ್ಲಿ ಮಾತ್ರ ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಬಹುದು.

ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೇಳಿ, ಬಳಿಕ ನೋಂದಾಯಿತ ಅಂಚೆಯಲ್ಲಿ ನೋಟೀಸು ಕಳುಹಿಸುವುದು ರೂಢಿ. ಅನಂತರ ಜಿಲ್ಲಾ ಆಯೋಗಕ್ಕೆ ದೂರು. ಪಂಪು ಪುಣೆಯಲ್ಲೋ ದೆಹಲಿಯಲ್ಲೋ ತಯಾರಾಗಿದ್ದರೂ, ದೂರುದಾರನು ವಾಸಿಸುವ ಸ್ಥಳದಲ್ಲಿಯೇ ದೂರು ಸಲ್ಲಿಸಲು 34ನೆಯ ಕಲಮು ಅವಕಾಶವಿತ್ತಿರುವುದರಿಂದ, ರಾಜಾನುಕುಂಟೆಯವರು ಶಾಂತಿನಗರದ ಬಿಎಂಟಿಸಿ ಕಟ್ಟಡದಲ್ಲಿರುವ ಆಯೋಗಕ್ಕಿಂತ ದೂರ ಹೋಗಬೇಕಾಗಿಲ್ಲ, ಆನ್‌ಲೈನಿನಲ್ಲಿಯೂ ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ವ್ಯಾಜ್ಯಕಾರಣ ಉದ್ಭವಿಸಿದ 2 ವರ್ಷದೊಳಗೆ ದೂರು ದಾಖಲಾಗಬೇಕು. “ನಾಳೆ ಬರುತ್ತೇವೆ” ಎಂಬ ಪತ್ರವ್ಯವಹಾರ ನಡೆಯುತ್ತಿದ್ದ ಮಾತ್ರಕ್ಕೆ ಆ ಗಡುವು ಹಿಗ್ಗುವುದಿಲ್ಲ. ವಾರಾಂತ್ಯಕ್ಕೆ ಬಾಡಿಗೆಗೆ ಬಿಡುವ ತೋಟದ ಮನೆಯ ಕೊಳವಾದರೆ, ವಾಣಿಜ್ಯ ಉದ್ದೇಶದ ಖರೀದಿಯೆಂಬ ಆಕ್ಷೇಪಣೆಯನ್ನು ಎದುರಿಸಲು ಸಿದ್ಧರಾಗಿರಬೇಕು.

ಬಡಾವಣೆಯ ಕ್ಲಬ್‌ಹೌಸಿನ ಕೊಳವಾದರೆ ಸಂಘವೇ ದೂರು ಕೊಡಲಿ ಎಂದು ಎಲ್ಲರೂ ಸುಮ್ಮನಿರುವುದು ಸಹಜ. ಆದರೆ ಬೆಂಗಳೂರಿನದೇ ಆದ ಶೋಭಾ ಹೈಬಿಸ್ಕಸ್ ಪ್ರಕರಣದಲ್ಲಿ, ಕರ್ನಾಟಕ ಅಪಾರ್ಟ್‌ಮೆಂಟ್ ಮಾಲಿಕತ್ವ ಅಧಿನಿಯಮದಡಿ ಕಡ್ಡಾಯವಾಗಿ ರೂಪುಗೊಂಡ ಸಂಘವು ಸ್ವಯಂಪ್ರೇರಿತ ಗ್ರಾಹಕ ಸಂಘವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ, ಹಿಂದಿನ ಅಧಿನಿಯಮದ ಸಂದರ್ಭದಲ್ಲಿ, ತೀರ್ಪಿತ್ತಿತು. ಆದಕಾರಣ ಸಮಾನ ಹಿತಾಸಕ್ತಿಯುಳ್ಳ ಮಾಲಿಕರು ಆಯೋಗದ ಅನುಮತಿ ಪಡೆದು ಸಮಸ್ತರ ಪರವಾಗಿ ದೂರುವುದು ಕ್ಷೇಮಕರ ಮಾರ್ಗ. ಸ್ವಾಧೀನ ಪಡೆದು 5 ವರ್ಷ ಕಳೆಯದಿದ್ದರೆ 2016ರ ಸ್ಥಿರಾಸ್ತಿ ನಿಯಂತ್ರಣದ ರೇರಾ ಅಧಿನಿಯಮದ 14ನೆಯ ಕಲಮೂ ಕೈಹಿಡಿಯುತ್ತದೆ: ಕಾಮಗಾರಿಯ, ಗುಣಮಟ್ಟದ ಅಥವಾ ಒದಗಿಸಿದ ಸೇವೆಗಳ ದೋಷವನ್ನು ಕಟ್ಟಿದವನು 30 ದಿನದೊಳಗೆ ಹಣ ಕೇಳದೆ ಸರಿಪಡಿಸಿಕೊಡತಕ್ಕದ್ದು.

ಜಿಲ್ಲಾ ಆಯೋಗದ ಆದೇಶ ಒಪ್ಪಿಗೆಯಾಗದವರು 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು; ಹಣ ಕೊಡಬೇಕೆಂದು ಆದೇಶವಾದವರು ಅದರ ಅರ್ಧವನ್ನು ಮೊದಲು ಠೇವಣಿಯಿಡಬೇಕು. ಮೇಲ್ಮನವಿಗೂ ಹೋಗದೆ, ಪಂಪನ್ನೂ ಬದಲಾಯಿಸದೆ ಕುಳಿತವನ ಮೇಲೆ ಗ್ರಾಹಕ ಸಂರಕ್ಷಣಾ ಅಧಿನಿಯಮದ 72ನೆಯ ಕಲಮಿನಡಿ ಅರ್ಜಿ ಹಾಕಬಹುದು. ಅದರ ಶಿಕ್ಷೆ 1 ತಿಂಗಳಿಗೆ ಕಡಿಮೆಯಿಲ್ಲದ, 3 ವರ್ಷದವರೆಗಿನ ಸೆರೆವಾಸ, ಇಲ್ಲವೆ 25,000ದಿಂದ 1 ಲಕ್ಷ ರೂಪಾಯಿಯವರೆಗಿನ ದಂಡ, ಅಥವಾ ಎರಡೂ.