ಚಪ್ಪರದಡಿಯ ಉಪಾಸ

ಮನೆಯಲ್ಲಿದ್ದರೆ ಉಪವಾಸ ಅಂಥ ಕಷ್ಟದ ಕೆಲಸವಲ್ಲ. ಮಧ್ಯಾಹ್ನದ ಹಸಿವು ಸ್ವಲ್ಪ ಹೊತ್ತು ಕಾಡುತ್ತದೆ. ಒಂದು ಲೋಟ ನೀರು ಕುಡಿದು ತೋಟಕ್ಕೆ ಹೋದರೆ ಇಳಿಯುತ್ತದೆ. ಪರೀಕ್ಷೆ ಇರುವುದು ಸ್ನೇಹಿತರ ಮನೆಯ ಚಪ್ಪರದಡಿ. ನಮ್ಮ ಸಿದ್ದಾಪುರ, ಶಂಕರನಾರಾಯಣ, ಹಾಲಾಡಿ ಕಡೆ ದೀಪಾವಳಿ ಕಳೆದ ಮೇಲೆ ಮಳೆ ಹಿಡಿಯುವವರೆಗೂ ಒಂದಲ್ಲ ಒಂದು ಕರೆ ಇದ್ದೇ ಇರುತ್ತದೆ: ಮದುವೆ, ಮನೆ ಒಕ್ಕಲು, ಹರಕೆ ಆಟ. ಮದುವೆಯ ಹಿಂದಿನ ರಾತ್ರಿಯ ಮದರಂಗಿಗಂತೂ ನೀರು ದೋಸೆ, ಕೋಳಿ ಸುಕ್ಕದ ಪರಿಮಳ ಗದ್ದೆಯಾಚೆಗೂ ಬರುತ್ತದೆ. ಅಂಥಲ್ಲಿ ಬರೀ ನೀರು ಕುಡಿದು ಕೂತವನನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. "ಹ್ವಾಯ್, ಒಂದ್ ತುಂಡ್ ತಿಂದ್ರೆ ಎಂತ ಆತ್ತ್ ಮಾರಾಯಾ?" ಎನ್ನುತ್ತಾರೆ. ಆ ಒತ್ತಾಯದಲ್ಲಿ ಇರುವುದೆಲ್ಲ ಪ್ರೀತಿಯೇ. ಅದಕ್ಕೇ ಇಲ್ಲವೆನ್ನಲು ಬಾಯಿ ಬರುವುದಿಲ್ಲ.

ಹುಳಿತೇಗು, ಹೊಟ್ಟೆಯುಬ್ಬರ ವರ್ಷಗಟ್ಟಲೆ ಕಾಡಿದ ಮೇಲೆ ಪ್ರಕೃತಿ ಚಿಕಿತ್ಸೆಯ ವೈದ್ಯರೊಬ್ಬರ ಸಲಹೆಯಂತೆ ನಾನು ಉಪವಾಸ ಹಿಡಿದೆ. ಉಜಿರೆಯಲ್ಲಿ 1989ರಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಕಾಲೇಜು ಶುರುವಾದ ಮೇಲೆ ಈ ಪದ್ಧತಿ ಕಲಿತವರು ನಮ್ಮ ಕರಾವಳಿಯಲ್ಲಿ ಸುಲಭವಾಗಿ ಸಿಗುತ್ತಾರೆ. ನನ್ನ ವೈದ್ಯರು ಹಾಕಿಕೊಟ್ಟ ಕ್ರಮ ಸರಳ: ದಿನವಿಡೀ ನೀರು, ನಿಂಬೆರಸಕ್ಕೆ ಜೇನು ಬೆರೆಸಿದ ನೀರು, ಒಂದೆರಡು ಬೊಂಡ (ಎಳನೀರು). ಮೊದಲ ಭೇಟಿಯಲ್ಲೇ ಇನ್ನೊಂದು ಮಾತನ್ನೂ ಹೇಳಿದ್ದರು. ಮೈಯೊಳಗಿನ ಕಸ ತೆಗೆಯುವ ಕೆಲಸವನ್ನು ಯಕೃತ್ತು, ಮೂತ್ರಪಿಂಡ ದಿನವೂ ಮಾಡುತ್ತಲೇ ಇರುತ್ತವೆ; ಉಪವಾಸದಿಂದ ಜೀರ್ಣಾಂಗಕ್ಕೆ ಸಿಗುವುದು ಬಿಡುವು, ಅಷ್ಟೇ. ಜೀವಕೋಶಗಳು ಹಸಿದಾಗ ತಮ್ಮದೇ ಹಳೆಯ ಭಾಗಗಳನ್ನು ಒಡೆದು ಮತ್ತೆ ಬಳಸಿಕೊಳ್ಳುವ ಬಗೆಯನ್ನು ಯೀಸ್ಟಿನಲ್ಲಿ ಬಿಡಿಸಿ ತೋರಿಸಿದ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು, ನಿಜ. ಅದನ್ನೇ ಹಿಡಿದುಕೊಂಡು ಒಂದು ದಿನ ಉಪವಾಸ ಕೂತರೆ ಎಲ್ಲ ಕಾಯಿಲೆ ಹೋಗುತ್ತದೆ ಎಂದು ಹಬ್ಬಿಸುವವರ ಮಾತನ್ನು ನಾನು ನಂಬುವುದಿಲ್ಲ. ನನಗೆ ಸಿಕ್ಕಿದ್ದು ಹಗುರಾದ ಹೊಟ್ಟೆ, ಒಳ್ಳೆಯ ನಿದ್ರೆ. ನನಗೆ ಅದು ಸಾಕು.

ಉಪವಾಸಕ್ಕೆ ಒಳ್ಳೆಯ ದಿನ ಆರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ನಮ್ಮ ಮನೆಯಲ್ಲಿ ಶನಿವಾರ ಒಪ್ಪತ್ತು ಬಿಟ್ಟರೆ ಬೇರೆ ಕಟ್ಟುನಿಟ್ಟು ಇಲ್ಲ. ನಾನು ಉಪವಾಸವನ್ನು ಏಕಾದಶಿಗೆ ಹೊಂದಿಸಿಕೊಂಡೆ. ಉಡುಪಿ ಸೀಮೆಯಲ್ಲಿ ಮಾಧ್ವರ ನೆರೆಹೊರೆಯಲ್ಲಿ ಬೆಳೆದ ಯಾರಿಗೂ ಏಕಾದಶಿಯ ನಿರಾಹಾರವನ್ನು ವಿವರಿಸಬೇಕಾಗಿಲ್ಲ. ಅದೇ ಬರೀ ಒಂದು ಬುಧವಾರ ಬಂದು "ಇವತ್ತು ಊಟ ಬೇಡ" ಎಂದರೆ ಶುಗರ್ ಬಂತಾ, ಯಾರ ಮೇಲಾದರೂ ಸಿಟ್ಟಾ ಎಂದು ನೂರು ಪ್ರಶ್ನೆ. ಊರಿಗೆ ಗೊತ್ತಿರುವ ದಿನ ಹಿಡಿದರೆ ನಮಗಿಂತ ಮೊದಲು ಊರೇ ನಮ್ಮ ಪರ ಮಾತಾಡುತ್ತದೆ. ಒಮ್ಮೆ ಬಡಿಸುತ್ತ ಬಂದವರಿಗೆ ಪಕ್ಕದ ಸಾಲಿನ ಅಜ್ಜಿಯೊಬ್ಬರು "ಅವ್ರ್ ಇವತ್ತ್ ಉಪಾಸ, ಒತ್ತಾಯ ಮಾಡ್ಬೇಡಿ" ಎಂದ ಮೇಲೆ ಆ ಚಪ್ಪರದಲ್ಲಿ ಮತ್ತೆ ಯಾರೂ ಕೇಳಲಿಲ್ಲ.

ಊರಿಗೆ ಊರೇ ಕೂಡಿ ಹೊಟ್ಟೆ ತೊಳೆದುಕೊಳ್ಳುವ ದಿನವೂ ನಮ್ಮಲ್ಲಿದೆ. ಆಸಾಡಿ ಅಮಾಸೆಯ ಬೆಳಿಗ್ಗೆ ಸೂರ್ಯ ಮೂಡುವ ಮೊದಲೇ ಹಾಲೆ ಮರದ ಕೆತ್ತೆಯನ್ನು ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತರುತ್ತಾರೆ. ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿದ ಕಹಿ ಕಷಾಯ ಖಾಲಿ ಹೊಟ್ಟೆಗೆ. ಆಮೇಲೆ ತಂಪಿಗೆ ಮೆಂತೆ ಗಂಜಿ. (ಮರ ಗುರುತಿಸಲು ಬಲ್ಲವರೇ ಹೋಗಬೇಕು. ಕಾಸರಕದ ತೊಗಟೆ ತಂದರೆ ಅದು ವಿಷ.) 2019ರಿಂದ ಅದೇ ಅಮಾಸೆ ವಿಶ್ವ ಕುಂದಾಪ್ರ ಕನ್ನಡ ದಿನವೂ ಹೌದು. ಮನೆಮಂದಿಯೆಲ್ಲ ಮುಖ ಹಿಂಡುತ್ತ ಕುಡಿಯುವ ಆ ಕಷಾಯವನ್ನು ಒಬ್ಬನೇ ಕುಡಿಯಬೇಕಾಗಿದ್ದರೆ ಎಷ್ಟು ಜನ ಕುಡಿಯುತ್ತಿದ್ದರೋ! ಜೊತೆ ಇದ್ದರೆ ವ್ರತ ಉಳಿಯುತ್ತದೆ ಎಂಬುದನ್ನು ನಾನು ನಂಬಿದ್ದು ಇದನ್ನು ನೋಡಿಯೇ. ಈಗ ನನ್ನ ಇಬ್ಬರು ಗೆಳೆಯರೂ ಏಕಾದಶಿಗೆ ಸೇರಿಕೊಂಡಿದ್ದಾರೆ. ಸಂಜೆ ಹೋಟೆಲಿನ ಬದಲು ಕಮಲಶಿಲೆ ಕಡೆ ನಡೆದು ಬರುತ್ತೇವೆ. ಹರಟೆಗೆ ಬೋಂಡಾ, ಚಾ ಬೇಕೇಬೇಕು ಅಂತೇನಿಲ್ಲ.

ಕರೆ ಬಂದಾಗ ಹೋಗದೆ ಉಳಿಯುವುದು ಮಾತ್ರ ಸರಿಯಲ್ಲ. ಹಿಂದಿನ ದಿನವೇ ಮನೆಯವರಿಗೆ ಫೋನ್ ಮಾಡಿ, "ಬರುತ್ತೇನೆ, ಊಟಕ್ಕೆ ಕೂರುವುದಿಲ್ಲ, ಬಡಿಸಲು ನಿಲ್ಲುತ್ತೇನೆ" ಎನ್ನಬೇಕು. ಆಗ ಅವರಿಗೂ ಬೇಸರವಾಗುವುದಿಲ್ಲ. ಅನ್ನದ ಪಾತ್ರೆ ಹಿಡಿದು ಸಾಲು ಸಾಲಿಗೆ ಓಡಾಡುವವನನ್ನು ಯಾರೂ ಎಲೆ ಮುಂದೆ ಎಳೆದು ಕೂರಿಸುವುದಿಲ್ಲ. ಬಡಿಸುವ ಗಡಿಬಿಡಿಯಲ್ಲಿ ನಮ್ಮ ಹಸಿವು ನಮಗೆ ನೆನಪಾಗುವುದೂ ಕಡಿಮೆ. ಊಟ ಮಾಡುವವರ ಎದುರು ಎಣ್ಣೆ, ಕೊಬ್ಬು, ಆರೋಗ್ಯ ಎಂದು ಭಾಷಣ ಮಾತ್ರ ಬೇಡ. ಅವರ ಊಟದ ಖುಷಿ ಕೆಡಿಸುವ ಹಕ್ಕು ನಮ್ಮ ಉಪವಾಸಕ್ಕಿಲ್ಲ.

ಉಪವಾಸ ಬಿಡುವ ಬೆಳಿಗ್ಗೆ ಇನ್ನೂ ಜಾಗ್ರತೆ ಬೇಕು. ಉಳಿದ ಕೋಳಿ ಪದಾರ್ಥ ಬಿಸಿ ಮಾಡಿ ಕರೆಯುವ ಗೆಳೆಯರಿರುತ್ತಾರೆ. ಆಯುರ್ವೇದದಲ್ಲಿ ಶೋಧನೆಯ ನಂತರ ಪೇಯ, ವಿಲೇಪಿ ಎಂದು ತೆಳು ಗಂಜಿಯಿಂದ ದಪ್ಪ ಗಂಜಿಗೆ ಮೆಲ್ಲಗೆ ಏರುವ ಕ್ರಮವಿದೆ. ನಮಗೆ ಕುಚ್ಚಲಕ್ಕಿಯ ತೆಳಿಗೆ ಚಿಟಿಕೆ ಉಪ್ಪು ಹಾಕಿ ಕುಡಿದು, ಮಧ್ಯಾಹ್ನ ಗಂಜಿ ಉಂಡರೆ ಅದೇ ಕ್ರಮ. ಕೋಳಿ ಒಂದು ದಿನ ಕಾಯಲಿ.

ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು, ಬಸುರಿ ಬಾಣಂತಿಯರು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬಾರದು. ಬೊಂಡದಲ್ಲಿ ಪೊಟ್ಯಾಸಿಯಂ ಜಾಸ್ತಿ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಅದೂ ಆಗದು. ತಲೆ ಸುತ್ತಿ ಕಣ್ಣು ಕತ್ತಲೆ ಬಂದರೆ ಉಪವಾಸವನ್ನು ಅಲ್ಲಿಗೇ ಬಿಟ್ಟು ಏನಾದರೂ ಕುಡಿಯಿರಿ. ಇನ್ನು, ಕರೆಯುವ ಮನೆಯವರಲ್ಲಿ ಒಂದು ವಿನಂತಿ: ಉಪಾಸ ಎಂದವರಿಗೆ ಒಂದು ಬೊಂಡ ಕೆತ್ತಿ ಕೊಡಿ, ನಿಮ್ಮ ಜೊತೆಯಲ್ಲೇ ಕೂರಿಸಿಕೊಳ್ಳಿ, ಎರಡನೇ ಸಲ ಕೇಳಬೇಡಿ.